ಚಾನಲ್ ಏರಿ, ಜಾಲಿ ಮುಳ್ಳು ಮತ್ತು ನನ್ನ ಟ್ಯೂಬ್‌ಲೆಸ್ ಟೈರು

ಹೆದ್ದಾರಿಯಲ್ಲಿ ಸೈಕಲ್ ಹೊಡೆಯುವುದನ್ನು ನಾನು ಹೋದ ವರ್ಷ ಬಿಟ್ಟೆ. ಹರಿಹರದ ಕಡೆ ಹೋಗುವಾಗ ಒಂದು ಟಿಪ್ಪರ್ ಮೊಣಕೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಸೈಕಲ್ ನಿಲ್ಲಿಸಿ ಬೇವಿನ ಮರದ ಕೆಳಗೆ ಕೂತೆ. ಕೈ ನಡುಕ ನಿಲ್ಲೋಕೆ ಹತ್ತು ನಿಮಿಷ ಬೇಕಾಯಿತು. ಇನ್ಮೇಲೆ ಲಾರಿ ಬರದ ದಾರಿಯಲ್ಲೇ ಹೋಗೋದು ಅಂತ ಅವತ್ತೇ ತೀರ್ಮಾನ ಮಾಡಿದೆ.

ದಾವಣಗೆರೆ ಸುತ್ತ ಅಂಥ ದಾರಿಗೆ ಬರ ಇಲ್ಲ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಬರುವ ಭದ್ರಾ ಬಲದಂಡೆ ನಾಲೆ ಇದೆಯಲ್ಲ, ನಮ್ಮ ಬಾಯಲ್ಲಿ ಅದು ಬರೀ ಚಾನಲ್. ಅದರ ಏರಿ ಮೇಲೆ ಗರಸು ಮಣ್ಣಿನ ದಾರಿ. ಬೆಳಗ್ಗೆ ಆರಕ್ಕೆ ಹೋದರೆ ಹಾಲಿನ ಕ್ಯಾನ್ ಕಟ್ಟಿಕೊಂಡ ಒಂದೋ ಎರಡೋ ಬೈಕು, ನಾಲ್ಕು ಎಮ್ಮೆ, ಕೆಳಗೆ ಭತ್ತದ ಗದ್ದೆ. ಕೊಂಡಜ್ಜಿ ಕೆರೆ ಕಡೆಗೂ ಹೀಗೇ ಮಣ್ಣಿನ ದಾರಿಗಳಿವೆ. ತೊಂದರೆ ಅಂದ್ರೆ ಮುಳ್ಳು. ಏರಿ ಪಕ್ಕ ಬೆಳೆದ ಬಳ್ಳಾರಿ ಜಾಲಿಯನ್ನು ಕಡಿದು ದಾರಿಗೇ ಎಳೆದು ಹಾಕಿರುತ್ತಾರೆ. ನನ್ನ ಹಳೇ 28 ಮಿಲಿಮೀಟರ್ ಟೈರಿಗೆ 80 ಪಿಎಸ್‌ಐ ಗಾಳಿ ಹಾಕಿ ಹೋಗುತ್ತಿದ್ದೆ. ಒಂದೇ ತಿಂಗಳಲ್ಲಿ ಐದು ಪಂಚರ್. ಐದನೇ ಸಲ ಪಂಪು ಕೆಟ್ಟು, ಸೈಕಲ್ ತಳ್ಳಿಕೊಂಡು ಆರು ಕಿಲೋಮೀಟರ್ ನಡೆದೆ.

ಆಮೇಲೆ ಹಾಕಿಸಿದ್ದು ಈ ಅಗಲವಾದ, ಒಳಗೆ ಟ್ಯೂಬೇ ಇಲ್ಲದ ಟ್ಯೂಬ್‌ಲೆಸ್ ಟೈರು. ಹತ್ತು ತಿಂಗಳಾಯಿತು, 2,100 ಕಿಲೋಮೀಟರ್ ಓಡಿದೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಕೊಳ್ಳುವವರು ಬ್ರಾಂಡಿಗಿಂತ ಮೊದಲು ಟೈರಿನ ಪಕ್ಕದ ಗೋಡೆ ಮೇಲಿನ ಅಂಕಿ ನೋಡಿ. ನನ್ನದರಲ್ಲಿ 40-622 ಅಂತಿದೆ. 40 ಅಂದ್ರೆ ಟೈರಿನ ಅಗಲ, 622 ಅಂದ್ರೆ ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. ಟೈರು, ರಿಮ್ಮು ಎರಡರ ಮೇಲೂ ಟ್ಯೂಬ್‌ಲೆಸ್ ರೆಡಿ ಅಂತ ಇರಲೇಬೇಕು. ನಿಮ್ಮ ಸೈಕಲ್ಲಿನ ಫೋರ್ಕಿನಲ್ಲಿ 40 ಹಿಡಿಸುತ್ತಾ ಅಂತಲೂ ಅಳೆದು ನೋಡಿ. ಎಲ್ಲ ರೋಡ್ ಸೈಕಲ್ಲಿಗೂ ಹಿಡಿಸಲ್ಲ. ಎರಡು ಟೈರು, ರಿಮ್ಮಿನ ಕಡ್ಡಿ ತೂತು ಮುಚ್ಚುವ ಟೇಪು, ವಾಲ್ವ್, ಪಂಚರ್ ಮುಚ್ಚುವ ಸೀಲೆಂಟ್ ಎಲ್ಲ ಸೇರಿ ನನಗೆ ಒಂಬತ್ತು ಸಾವಿರದ ಚಿಲ್ಲರೆ ಆಯಿತು. ಕಮ್ಮಿ ದುಡ್ಡಲ್ಲ. ಮನೆಯಲ್ಲಿ ಲೆಕ್ಕ ಕೊಡಬೇಕಾಯಿತು, ಕೊಟ್ಟೆ.

ಹಾಕಿಸುವುದೇ ಒಂದು ಕೆಲಸ. ಮೊದಲು ಹಾಕಿದ ಅಂಗಡಿಯವರು ಟೇಪನ್ನು ಸಡಿಲವಾಗಿ ಸುತ್ತಿದ್ದರು. ರಾತ್ರಿ ಬೆಳಗಾಗುವುದರಲ್ಲಿ ಗಾಳಿ ಖಾಲಿ. ಎರಡು ಸಲ ಹೋಗಿ ಹೇಳಿದರೂ ಟೈರೇ ಸರಿಯಿಲ್ಲ ಅಂದರು. ನನಗೆ ನಿಜಕ್ಕೂ ಬೇಜಾರಾಯಿತು. ಕೊನೆಗೆ ನಾನೇ ಬಿಚ್ಚಿ, ರಿಮ್ಮನ್ನು ಸ್ಪಿರಿಟ್ ಹಾಕಿ ಒರೆಸಿ, ಟೇಪನ್ನು ಬಿಗಿಯಾಗಿ ಎಳೆದು ಸುತ್ತಿದೆ. ಟೈರಿನ ಅಂಚಿಗೆ ಸೋಪಿನ ನೀರು ಹಚ್ಚಿ, ಬೀದಿ ಕೊನೆಯ ಪಂಚರ್ ಅಂಗಡಿಗೆ ಒಯ್ದೆ. ಅಲ್ಲಿಯವರು "ಟ್ಯೂಬ್ ಇಲ್ದೆ ಸೈಕಲ್ ಓಡುತ್ತಾ ಮೇಡಂ?" ಅಂದರು. ಕಂಪ್ರೆಸರ್ ಗಾಳಿ ಒಮ್ಮೆಲೇ ನುಗ್ಗಿದಾಗ ಟೈರು ಫಟ್, ಫಟ್ ಅಂತ ರಿಮ್ಮಿಗೆ ಕಚ್ಚಿಕೊಂಡಿತು. ಆ ಎರಡು ಸದ್ದು ಕೇಳಿಸಿದರೆ ಕೂತಿದೆ ಅಂತ ಅರ್ಥ. ಕೈಪಂಪಿನಲ್ಲಿ ಇದು ಆಗಲಿಲ್ಲ, ಗಾಳಿ ಅಷ್ಟು ರಭಸವಾಗಿ ಬರಬೇಕು. ಆಮೇಲೆ ವಾಲ್ವ್ ಮೂಲಕ ಒಂದೊಂದಕ್ಕೂ ಸುಮಾರು 60 ಮಿಲಿಲೀಟರ್ ಸೀಲೆಂಟ್. ಹಾಲಿನಂಥ ದ್ರವ, ಒಳಗೆ ರಬ್ಬರ್ ಅಂಶ ಇರುತ್ತೆ. ತೂತಿನಿಂದ ಗಾಳಿ ಹೊರಗೆ ಹೋಗುವಾಗ ಜೊತೆಗೆ ಇದೂ ನುಗ್ಗಿ ಅಲ್ಲೇ ಗಟ್ಟಿಯಾಗುತ್ತೆ.

ಅದನ್ನು ಕಣ್ಣಾರೆ ನೋಡಿದ್ದು ಚಾನಲ್ ಏರಿ ಮೇಲೆ. ಟಿಸ್ಸ್ ಅಂತ ಸದ್ದು ಬಂತು. ಇಳಿದು ನೋಡಿದೆ. ಹಿಂದಿನ ಟೈರಿನಲ್ಲಿ ಮುಳ್ಳು, ಸುತ್ತ ಬಿಳಿ ನೊರೆ. ಎಳೆದ ಕೂಡಲೇ ದ್ರವ ಚಿಮ್ಮಿ ಕಾಲಿಗೆ ಹಾರಿತು. ತೂತನ್ನು ಕೆಳಗೆ ಮಾಡಿ ಚಕ್ರ ತಿರುಗಿಸಿ ನಿಲ್ಲಿಸಿದೆ. ಗುಳ್ಳೆ ಸಣ್ಣದಾಯಿತು, ನಿಂತಿತು. ಗದ್ದೆಗೆ ನೀರು ಕಟ್ಟುತ್ತಿದ್ದ ಅಜ್ಜ ಒಬ್ಬರು ಮೇಲೆ ಬಂದು "ಗಾಳಿ ಹೋತೇನು ತಂಗಿ?" ಅಂತ ಕೇಳುವಷ್ಟರಲ್ಲಿ ನಾನು ಹೊರಡೋಕೆ ರೆಡಿ. ಈಗ ಮುಳ್ಳು ಕಂಡರೆ ಕೀಳುವುದೂ ಇಲ್ಲ, ಬಿಡುತ್ತೇನೆ.

ಇನ್ನು ಗಾಳಿಯ ವಿಷಯ. ನನ್ನ ತೂಕ 62 ಕಿಲೋ. ಹಿಂದೆ 35, ಮುಂದೆ 32 ಪಿಎಸ್‌ಐ. ಅಷ್ಟು ಮೆತ್ತಗಿದ್ದರೂ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕು ಹರಿಯುವ ಭಯ ಇಲ್ಲ, ಟ್ಯೂಬೇ ಇಲ್ವಲ್ಲ. ಗರಸಿನ ಮೇಲೆ ಅಂಗೈ ಜುಮ್ಮೆನ್ನುವುದು ನಿಂತಿತು. ಡಾಂಬರಿನಲ್ಲಿ ಸ್ವಲ್ಪ ನಿಧಾನ ಅನ್ನಿಸುತ್ತೆ, ಒಪ್ಪುತ್ತೇನೆ. ಎರೆ ಮಣ್ಣಿಗೆ ಮಾತ್ರ ಮಳೆ ಬಿದ್ದ ಮೇಲೆ ಇಳಿಯಲೇಬೇಡಿ. ಇಪ್ಪತ್ತು ಅಡಿಯಲ್ಲಿ ಟೈರಿಗೂ ಫೋರ್ಕಿಗೂ ಮಧ್ಯೆ ಮುದ್ದೆ ಕಟ್ಟಿ ಚಕ್ರವೇ ತಿರುಗಲ್ಲ. ಯಾವ ಟೈರು ಹಾಕಿದರೂ ಅಷ್ಟೆ.

ನನಗೆ ಇದರ ಬೆಲೆ ಗೊತ್ತಾಗಿದ್ದು ಚಳಿಗಾಲದಲ್ಲಿ, ಅಂಕಸಮುದ್ರದಲ್ಲಿ. ನಮ್ಮಿಂದ ಉತ್ತರಕ್ಕೆ, ಹರಪನಹಳ್ಳಿ ದಾಟಿ ಹಗರಿಬೊಮ್ಮನಹಳ್ಳಿ ಹತ್ತಿರದ ಕೆರೆ. ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ, 98.76 ಹೆಕ್ಟೇರ್. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆ ರಾಮ್ಸರ್ ಪಟ್ಟಿಗೆ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಕಾರಿನಲ್ಲಿ ಹಾಕಿಕೊಂಡು, ತಮ್ಮನ ಜೊತೆ ಕತ್ತಲಿದ್ದಾಗಲೇ ಹೊರಟೆ. ಕೆರೆಯಿಂದ ದೂರದಲ್ಲೇ ಕಾರು ಬಿಟ್ಟು, ಹೊಲದ ಬಂಡಿ ಜಾಡಿನಲ್ಲಿ ಬಳಸಿಕೊಂಡು ಹೋದೆ. ಒಂದು ಇಂಜಿನ್ ಸದ್ದಿಲ್ಲ. ಮೆತ್ತನೆ ಟೈರು ಮಣ್ಣಿನ ಮೇಲೆ ಸರ್ ಸರ್ ಅನ್ನುವುದಷ್ಟೇ. ಏರಿ ಕಾಣುತ್ತಿದ್ದಂತೆ ಸೈಕಲ್ ಒರಗಿಸಿ ನಡೆದೆ, ಹಕ್ಕಿಗಳ ಹತ್ತಿರ ಚಕ್ರ ಒಯ್ಯಬಾರದು.

ನೀರಿನಲ್ಲೇ ನಿಂತ ಕರಿಜಾಲಿ ಮರಗಳು. ಮರದ ತುಂಬ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು. ಮಕ್ಕಳಿಲ್ಲದ ಹೊತ್ತಿನ ಶಾಲೆಯಂತೆ ಇದ್ದ ಜಾಗ ಬಿಸಿಲು ಏರಿದ ಹಾಗೆ ಗದ್ದಲವಾಯಿತು. ಒಂದು ಕೊಕ್ಕರೆ ಉದ್ದ ಕಡ್ಡಿ ಕಚ್ಚಿಕೊಂಡು ಬಂದು, ಇಳಿಯಲು ಜಾಗ ಹುಡುಕಿ ಎರಡು ಸುತ್ತು ಹೊಡೆಯಿತು. ನನ್ನ ಟೈರು ಚುಚ್ಚುವಂಥ ಮುಳ್ಳಿನ ನಡುವೆಯೇ ಅದರ ಗೂಡು. ತಮ್ಮ ನನ್ನ ಭುಜ ಮುಟ್ಟಿ "ಅಕ್ಕಾ, ಅಲ್ಲಿ ನೋಡು" ಅಂದ. ಮಾತಾಡಬೇಕು ಅನ್ನಿಸಲಿಲ್ಲ.

ವಾಪಸ್ ಬರುವಾಗ ಮೂರು ಮುಳ್ಳು ಹೊಕ್ಕಿದ್ದವು. ಪಂಪು ತೆಗೆಯಲೇ ಇಲ್ಲ.

ಒಂದು ಎಚ್ಚರಿಕೆ. ನಮ್ಮ ಬೇಸಿಗೆಗೆ ಸೀಲೆಂಟ್ ಬೇಗ ಒಣಗುತ್ತದೆ. ಏಪ್ರಿಲ್‌ನಲ್ಲಿ ಟೈರು ಅಲ್ಲಾಡಿಸಿದರೆ ಒಳಗೆ ಕುಲುಕುವ ಸದ್ದೇ ಇರಲಿಲ್ಲ. ಎರಡೂವರೆ ತಿಂಗಳಿಗೊಮ್ಮೆ ಹಾಕಿಕೊಳ್ಳಿ. ದೊಡ್ಡ ಸೀಳಿಗೆ ಇದು ಸಾಲದು, ರಬ್ಬರ್ ಪ್ಲಗ್ ಕಿಟ್ ಮತ್ತು ಒಂದು ಟ್ಯೂಬು ಚೀಲದಲ್ಲಿರಲಿ. ಊರೊಳಗೆ ಮಾತ್ರ ಓಡಿಸುವವರು ಈ ಖರ್ಚಿಗೆ ಹೋಗಬೇಡಿ. ಏರಿ, ಕೆರೆ, ಬಂಡಿ ಜಾಡು ಅಂತ ಹೋಗುವವರು ಧೈರ್ಯವಾಗಿ ಹಾಕಿಸಿ. ನನ್ನ ಹಿಂದಿನ ಟೈರಿನ ನಡುವಿನ ಉಬ್ಬುಗಳು ಅರ್ಧ ಸವೆದಿವೆ, ಮುಂದಿನದು ಇನ್ನೂ ಚೆನ್ನಾಗಿದೆ. ಅಂಕಸಮುದ್ರದ ಒಂದು ಮುಳ್ಳಿನ ತುದಿ ಇನ್ನೂ ಒಳಗೇ ಇದೆ, ಗಾಳಿ ನಿಂತಿದೆ.