ಫ್ಲೈಸ್ಕೈ ಎಫ್‌ಎಸ್‌-ಐ6: ಬಯಲಿಗೆ ಸೈ, ತೋಟಕ್ಕೆ ಅಲ್ಲ

‘ರೇಂಜ್ ಸಾಲದು’ ಎಂಬ ದೂರು ಮಾಡೆಲ್ ವಿಮಾನ ಹಾರಿಸುವ ಈ ಆರು ಚಾನೆಲ್ (ಆರು ಬೇರೆ ಬೇರೆ ನಿಯಂತ್ರಣ) ರಿಮೋಟಿನ ಬೆನ್ನು ಬಿಟ್ಟಿಲ್ಲ. ಚಿಕ್ಕಮಗಳೂರಿನ ಕಡೆ ಆ ದೂರಿಗೆ ರಿಮೋಟಿಗಿಂತ ಹಾರಿಸುವ ಜಾಗವೇ ಹೆಚ್ಚು ಕಾರಣ. 2.4 ಗಿಗಾಹರ್ಟ್ಜ್ ಅಲೆಯನ್ನು ಎಲೆಯಲ್ಲಿರುವ ನೀರು ಹೀರಿಕೊಳ್ಳುತ್ತದೆ. ಮಳೆಗೆ ತೊಯ್ದ ಎಲೆಯಾದರೆ ಇನ್ನೂ ಹೆಚ್ಚು. ಕಾಫಿ ತೋಟದ ಅಂಚಿನಲ್ಲಿ ನಿಂತು ಸಿಲ್ವರ್ ಓಕ್ ಸಾಲಿನ ಹಿಂದಕ್ಕೆ ವಿಮಾನ ತಿರುಗಿಸಿದರೆ ಸಿಗ್ನಲ್ ಕೈಕೊಡುವುದು ಸಹಜ. ಕಡೂರು ಕಡೆ ರಾಗಿ ಕೊಯ್ದ ಹೊಲದಲ್ಲಿ ಇದೇ ರಿಮೋಟು, ಕಣ್ಣಿಗೆ ವಿಮಾನ ಕಾಣುವಷ್ಟು ದೂರಕ್ಕೆ ಸಾಕು. ಮಾಡೆಲ್ ವಿಮಾನವನ್ನು ಕಣ್ಣಳತೆಯಲ್ಲೇ ಹಾರಿಸಬೇಕೆಂದು 2021ರ ಡ್ರೋನ್ ನಿಯಮವೂ ಹೇಳುತ್ತದೆ.

ಇದರ ಪವರ್ 20 ಡಿಬಿಎಂ ಒಳಗೆ, ಅಂದರೆ 100 ಮಿಲಿವ್ಯಾಟ್ ದಾಟದು. ನಮ್ಮಲ್ಲಿ 2400ರಿಂದ 2483.5 ಮೆಗಾಹರ್ಟ್ಜ್ ಬ್ಯಾಂಡಿಗೆ 2005ರಿಂದ ಲೈಸೆನ್ಸ್ ಬೇಕಿಲ್ಲ. ಟ್ರಾನ್ಸ್‌ಮಿಟರಿಗೆ 1 ವ್ಯಾಟ್, ಆಂಟೆನಾದಿಂದ ಹೊರಬೀಳುವುದಕ್ಕೆ 4 ವ್ಯಾಟ್ ಮಿತಿ. ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಕಾಗದವೇ ಬೇಡವೆಂದಲ್ಲ. ಸಾಧನಕ್ಕೆ ಕೇಂದ್ರ ಸರಕಾರದ ರೇಡಿಯೊ ತರಂಗ ವಿಭಾಗವಾದ ಡಬ್ಲ್ಯುಪಿಸಿಯ ಇಟಿಎ (ಅನುಮೋದನೆ ಪತ್ರ) ಇರಬೇಕು. ಡಬ್ಬಿಯ ಮೇಲಿನ ಯುರೋಪು-ಅಮೆರಿಕಗಳ ಸಿಇ, ಎಫ್‌ಸಿಸಿ ಗುರುತುಗಳಿಗೆ ಇಲ್ಲಿ ಬೆಲೆಯಿಲ್ಲ. ಕೊಳ್ಳುವ ಮೊದಲೇ ಅಂಗಡಿಯವರಿಂದ ಇಟಿಎ ಪ್ರತಿ ಕೇಳಿ.

ರೇಂಜಿಗಾಗಿ 915 ಮೆಗಾಹರ್ಟ್ಜ್ ಸೆಟ್ ಕೊಳ್ಳಿ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅದು ಅಮೆರಿಕದ ಬ್ಯಾಂಡು. ಇಲ್ಲಿ 890ರಿಂದ 915ರವರೆಗೆ ಮೊಬೈಲುಗಳು ಟವರಿಗೆ ಸಿಗ್ನಲ್ ಕಳಿಸುತ್ತವೆ. ನಮಗೆ ಬಿಟ್ಟಿರುವುದು 865–868. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ದೂರದ ರೇಂಜಿನ ರೇಡಿಯೊ ವ್ಯವಸ್ಥೆ ಬಳಸುವವರು ಫರ್ಮ್‌ವೇರ್ ಹಾಕುವಾಗ ರಿಮೋಟು, ರಿಸೀವರು ಎರಡಕ್ಕೂ ಇಂಡಿಯಾ 866 ಆಯ್ಕೆಯನ್ನೇ ಕೊಡಬೇಕು. ಒಂದಕ್ಕೊಂದು ಬೇರೆಯಾದರೆ ಜೋಡಿಯಾಗುವುದೇ ಇಲ್ಲ. ಹೇಗೂ ಐ6ರ ಬೆನ್ನಿಗೆ ಅಂಥ ಬೇರೆ ರೇಡಿಯೊ ಮಾಡ್ಯೂಲ್ ಕೂರಿಸುವ ಗೂಡೇ ಇಲ್ಲ.

ನಿಜವಾಗಿ ಬೈಯಬೇಕಾದ್ದು, ಸಿಗ್ನಲ್ ತಪ್ಪಿದಾಗ ವಿಮಾನ ಏನು ಮಾಡಬೇಕೆಂದು ಮೊದಲೇ ಹೇಳಿಡುವ ಫೇಲ್‌ಸೇಫನ್ನು. ಹೊಸ ರಿಮೋಟಿನಲ್ಲಿ ಅದು ಆಫ್ ಇರುತ್ತದೆ. ಸಿಗ್ನಲ್ ತಪ್ಪಿದಾಗ ಥ್ರಾಟಲ್ (ಮೋಟಾರಿನ ವೇಗ) ಅರ್ಧಕ್ಕಿದ್ದರೆ ಅರ್ಧದಲ್ಲೇ ಉಳಿದು, ವಿಮಾನ ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ. ಮೊದಲು ಪ್ರೊಪೆಲ್ಲರ್ ಬಿಚ್ಚಿ. ಓಕೆ ಬಟನ್ ಒತ್ತಿ ಹಿಡಿದು ಸಿಸ್ಟಮ್, ಆರ್‌ಎಕ್ಸ್ ಸೆಟಪ್, ಫೇಲ್‌ಸೇಫ್ ಎಂದು ಹೋಗಿ. ಥ್ರಾಟಲ್ ಕಡ್ಡಿ ಪೂರ್ತಿ ಕೆಳಗಿಟ್ಟು ಥ್ರಾಟಲಿನ 3ನೇ ಚಾನೆಲ್ ಆನ್ ಮಾಡಿ. ಇನ್ನು ಸೇವ್ ಮಾಡಲು ಕ್ಯಾನ್ಸಲ್ ಬಟನನ್ನು ಒತ್ತಿ ಹಿಡಿಯಬೇಕು! ಹೆಸರು ನಂಬಿ ಸುಮ್ಮನೆ ಒಮ್ಮೆ ಒತ್ತಿದಿರೋ, ಮಾಡಿದ್ದೆಲ್ಲ ಹೋಯಿತು. ಆಮೇಲೆ ಮೋಟಾರು ತಿರುಗುತ್ತಿರುವಾಗ ರಿಮೋಟ್ ಆಫ್ ಮಾಡಿ ನೋಡಿ: ಮೋಟಾರು ನಿಲ್ಲಬೇಕು.

ವಿಮಾನದೊಳಗಿನ ಐಎ6ಬಿ ರಿಸೀವರಿನ ಎರಡು ಆಂಟೆನಾಗಳ ತುದಿಯಲ್ಲಿರುವ ಸುಮಾರು 3 ಸೆಂಟಿಮೀಟರ್ ಬರಿಯ ತಂತಿಯೇ ಸಿಗ್ನಲ್ ಹಿಡಿಯುವುದು. ಅವೆರಡನ್ನೂ 90 ಡಿಗ್ರಿ ಕೋನದಲ್ಲಿ, ಬ್ಯಾಟರಿ ಮತ್ತು ಕಾರ್ಬನ್ ಕಡ್ಡಿಯಿಂದ ದೂರ ಅಂಟಿಸಿ. ರಿಮೋಟಿನ ಆಂಟೆನಾ ತುದಿಯನ್ನು ವಿಮಾನದತ್ತ ಗುರಿ ಹಿಡಿಯಬೇಡಿ. ತುದಿಯ ದಿಕ್ಕಿನಲ್ಲೇ ಸಿಗ್ನಲ್ ಅತಿ ದುರ್ಬಲ.

ರಿಮೋಟಿಗೆ ನಾಲ್ಕು ಎಎ ಸೆಲ್ ಬೇಕು. ರೀಚಾರ್ಜ್ ಸೆಲ್ ಹಾಕಿದರೆ ನಾಲ್ಕೂ ಸೇರಿ ಹೆಸರಿಗೆ 4.8 ವೋಲ್ಟು, 4.2ಕ್ಕೆ ಅಲಾರಂ, ಅದು ಕೂಗಿದ ಮೇಲೆ ಇನ್ನೊಂದು ಸುತ್ತು ಬೇಡ, ಇಳಿಸಿಬಿಡಿ. ಹಾಸನದವರು ಹಾರಿಸುವ ಮುನ್ನ ಎಲ್ಲಿ ಹಾರಿಸಬಹುದೆಂದು ಬಣ್ಣಗಳಲ್ಲಿ ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ. ಊರಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ.