ಕೆಟ್ಟಾಗ ಬಾಯಿಬಿಡುವ ದಾರಿ ಯಾವುದು: ಸಾಂಬಾ, ಎಸ್‌ಎಫ್‌ಟಿಪಿ, ಸಿಂಕ್‌ಥಿಂಗ್, ಪೆನ್‌ಡ್ರೈವ್

ನಮ್ಮ ಮನೆಯ ಹೊರಕೋಣೆಯಲ್ಲಿ ನಡೆಯುವ ಪುಟವಿನ್ಯಾಸದ ಕೆಲಸಕ್ಕೆ ಮೂರು ಕಂಪ್ಯೂಟರುಗಳಿದ್ದು, ಮೂರರಲ್ಲೂ ಬೇರೆ ಬೇರೆ ಕಾರ್ಯಾಚರಣಾ ವ್ಯವಸ್ಥೆಗಳಿವೆ. ‘ನುಡಿ’ ತಂತ್ರಾಂಶದಲ್ಲಿ ಅಕ್ಷರಜೋಡಣೆ ಮಾಡುವ ಗೆಳೆಯ ವಿಂಡೋಸ್ ಬಿಟ್ಟು ಕದಲುವವನಲ್ಲ, ಮುಖಪುಟ ಬರೆಯುವ ಕಲಾವಿದೆ ಮ್ಯಾಕ್‌ಬುಕ್ ಬಿಟ್ಟು ಬೇರೆ ಯಂತ್ರ ಮುಟ್ಟುವವಳಲ್ಲ, ಕರಡು ತಿದ್ದುವ ನಾನು ಲಿನಕ್ಸಿನ ಒಂದು ಬಗೆಯಾದ ಉಬುಂಟುವಿಗೆ ಒಗ್ಗಿಹೋದವನು. ಒಂದೇ ಪುಸ್ತಕದ ಕಡತಗಳು ದಿನಕ್ಕೆ ಹತ್ತಾರು ಸಲ ಈ ಮೂವರ ನಡುವೆ ಓಡಾಡಬೇಕಾದ್ದರಿಂದ, ನಾಲ್ಕು ದಾರಿಗಳನ್ನು ಒಂದಾದ ಮೇಲೊಂದರಂತೆ ತಿಂಗಳುಗಟ್ಟಲೆ ಬಳಸಿ ನೋಡಿದೆ. ವೇಗದ ವಿಷಯದಲ್ಲಿ ಇವುಗಳ ನಡುವೆ ಹೇಳಿಕೊಳ್ಳುವಂಥ ಅಂತರ ನಮಗೆ ಕಾಣಲಿಲ್ಲ. ಎಲ್ಲವೂ ಸರಿಯಿದ್ದ ದಿನ ನಾಲ್ಕೂ ಚೆನ್ನಾಗಿಯೇ ನಡೆದವು. ಆದರೆ ಕೆಟ್ಟ ದಿನ ಯಾವುದು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ, ಯಾವುದು ಮುಚ್ಚಿಡುತ್ತದೆ ಎಂಬುದರಲ್ಲಿ ಇವುಗಳ ನಡುವೆ ಅಜಗಜಾಂತರವಿದೆ. ಈ ಹೋಲಿಕೆ ಅದರ ಬಗ್ಗೆ.

ಮೊದಲಿಗೆ ಎಲ್ಲರೂ ಹಿಡಿಯುವ ದಾರಿಯಾದ ಸಾಂಬಾ. ವಿಂಡೋಸ್ ತನ್ನ ಹಂಚಿಕೆಯ ಫೋಲ್ಡರುಗಳಿಗೆ ಬಳಸುವ ಎಸ್‌ಎಂಬಿ ಎಂಬ ಒಡಂಬಡಿಕೆಯನ್ನು (ಯಂತ್ರಗಳು ಮಾತಾಡಿಕೊಳ್ಳುವ ನಿಯಮಗಳನ್ನು), ಜಾಲದಲ್ಲಿ ಹರಿಯುವ ಮಾತುಕತೆಯನ್ನು ಕದ್ದು ಕೇಳಿಯೇ ಅರ್ಥ ಮಾಡಿಕೊಂಡು, ಲಿನಕ್ಸಿನ ಹಿರಿಯನಾದ ಯುನಿಕ್ಸ್ ಯಂತ್ರಗಳಿಗೆ ಕಲಿಸುವ ಕೆಲಸವನ್ನು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಮಾಡಿದರು. ಆ ತಂತ್ರಾಂಶಕ್ಕೆ ಮೊದಲು ಇಟ್ಟ ಹೆಸರು ಬೇರೊಂದು ಕಂಪನಿಯ ಸ್ವತ್ತೆಂದು ಗೊತ್ತಾದಾಗ, ನಿಘಂಟಿನ ಕಡತದಲ್ಲಿ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ಹುಡುಕಿ ‘ಸಾಂಬಾ’ವನ್ನು ಆರಿಸಿಕೊಂಡರು. ಇದರ ದೊಡ್ಡ ಗುಣವೆಂದರೆ ಕಡತವನ್ನು ಇದ್ದಲ್ಲಿಯೇ ತೆರೆದು, ತಿದ್ದಿ, ಉಳಿಸಬಹುದು. ಒಬ್ಬರು ತೆರೆದಿರುವಾಗ ಇನ್ನೊಬ್ಬರು ಅದರ ಮೇಲೆ ಬರೆಯದಂತೆ ಬೀಗವೂ ಬೀಳುತ್ತದೆ. ಮ್ಯಾಕ್ ಕೂಡ 2013ರ ಮಾವರಿಕ್ಸ್ ಆವೃತ್ತಿಯಿಂದ ತನ್ನ ಹಳೆಯ ಹಂಚಿಕೆಯ ಒಡಂಬಡಿಕೆಯಾದ ಎಎಫ್‌ಪಿಯನ್ನು ಹಿಂದಕ್ಕೆ ಸರಿಸಿ ಎಸ್‌ಎಂಬಿಯನ್ನೇ ಮುಖ್ಯವಾಗಿಸಿಕೊಂಡಿರುವುದರಿಂದ, ಇದು ಮೂರೂ ಯಂತ್ರಗಳಿಗೆ ಅರ್ಥವಾಗುವ ಭಾಷೆ.

ಆದರೆ ಸಾಂಬಾ ಕೆಟ್ಟರೆ ವಿಂಡೋಸ್ ಹೇಳುವುದು ಒಂದೇ ಮಾತು: ನೆಟ್‌ವರ್ಕ್ ಹಾದಿ ಸಿಗಲಿಲ್ಲ. ಇದೇ ವಾಕ್ಯ ನಮಗೆ ಮೂರು ಬೇರೆ ಬೇರೆ ಕಾರಣಗಳಿಗಾಗಿ ದರ್ಶನ ಕೊಟ್ಟಿದೆ. ಮೊದಲ ಸಲ ಹೊರಗಿನ ಸಂಪರ್ಕಗಳನ್ನು ತಡೆಯುವ ಉಬುಂಟುವಿನ ಫೈರ್‌ವಾಲ್, ಸಾಂಬಾ ಬಳಸುವ ಬಾಗಿಲಾದ 445ನೆಯ ಪೋರ್ಟನ್ನು ಮುಚ್ಚಿತ್ತು. ಎರಡನೆಯ ಸಲ ಯಂತ್ರದ ಹೆಸರಿನಿಂದ ಹೋದರೆ ಸಿಗುತ್ತಿರಲಿಲ್ಲ, 192.168ರಿಂದ ಆರಂಭವಾಗುವ ಅಂಕಿಗಳ ಐಪಿ ವಿಳಾಸ ಹೊಡೆದರೆ ತಟ್ಟನೆ ತೆರೆದುಕೊಳ್ಳುತ್ತಿತ್ತು. ಮೂರನೆಯ ಸಲ ದೋಷ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಇಂಟರ್‌ನೆಟ್ ಕೊಡುವವರು ಹೊಸದಾಗಿ ತಂದಿಟ್ಟ ರೂಟರಿನಲ್ಲಿ ವೈಫೈ ಯಂತ್ರಗಳು ಪರಸ್ಪರ ಮಾತಾಡದಂತೆ ತಡೆಯುವ ಆಯ್ಕೆ ಮೊದಲೇ ಚಾಲೂ ಆಗಿತ್ತು. ಎರಡೂ ಯಂತ್ರಗಳಲ್ಲಿ ಜಾಲತಾಣಗಳು ತೆರೆದುಕೊಳ್ಳುತ್ತಿದ್ದವು, ಎದುರಿನ ಯಂತ್ರ ಓಗೊಡುತ್ತದೆಯೇ ಎಂದು ನೋಡುವ ಪಿಂಗ್ ಮಾತ್ರ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಎರಡು ಸಂಜೆಗಳನ್ನು ಸಾಂಬಾದ ಸಂರಚನಾ ಕಡತದಲ್ಲಿ ಕಳೆದ ಮೇಲೆ, ಬೇಸತ್ತು ಕೇಬಲ್ ಚುಚ್ಚಿದಾಗ ಎಲ್ಲವೂ ಕಾಣಿಸಿತು.

ಫೋಲ್ಡರ್ ಕಿಟಕಿಯ ಪಕ್ಕದ ಪಟ್ಟಿಯಲ್ಲಿ ಯಂತ್ರದ ಹೆಸರು ಕಾಣದಿರುವುದನ್ನು ಹಂಚಿಕೆಯೇ ಕೆಟ್ಟಿದೆ ಎಂದು ತಿಳಿಯುವವರು ಬಹಳ. ಇದು ಹಳೆಯ ಕಥೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹಬ್ಬಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ಬಿರುಕಿನ ಮೂಲಕ. ಅಷ್ಟರಲ್ಲಾಗಲೇ ಮುಪ್ಪಾಗಿದ್ದ ಆ ಆವೃತ್ತಿಯನ್ನು ಅದೇ ವರ್ಷದ ವಿಂಡೋಸ್ 10ರ 1709 ಆವೃತ್ತಿಯಲ್ಲಿಯೂ, 2019ರ ಸಾಂಬಾ 4.11ರಲ್ಲಿಯೂ ಬದಿಗಿಟ್ಟರು. ಜಾಲದಲ್ಲಿ ಯಾರ್ಯಾರಿದ್ದಾರೆ ಎಂದು ಸಾರುವ ಹಳೆಯ ಏರ್ಪಾಡು ಆ ಆವೃತ್ತಿಯನ್ನೇ ನೆಚ್ಚಿಕೊಂಡಿದ್ದರಿಂದ ಅದೂ ಜೊತೆಗೇ ಹೋಯಿತು. ಈಗ ಲಿನಕ್ಸ್ ಯಂತ್ರ ವಿಂಡೋಸಿನ ಪಟ್ಟಿಯಲ್ಲಿ ಕಾಣಬೇಕಾದರೆ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ಸೇವೆಯನ್ನು ಬೇರೆಯಾಗಿ ಹಾಕಬೇಕು. ಪಟ್ಟಿಯಲ್ಲಿ ಕಾಣಲೆಂದು ಹಳೆಯ ಆವೃತ್ತಿಯನ್ನು ಮತ್ತೆ ಚಾಲೂ ಮಾಡಿ ಎಂಬ ಸಲಹೆ ಇಂದಿಗೂ ಅಲ್ಲಲ್ಲಿ ಸಿಗುತ್ತದೆ. ಅದು ಬಾಗಿಲ ಗಂಟೆ ಕೆಟ್ಟಿತೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಗುರುತಿನ ಪ್ರಶ್ನೆ ಇದಕ್ಕಿಂತ ಗೋಜಲು. ಉಬುಂಟುವಿಗೆ ಒಳಬರಲು ಬಳಸುವ ಪಾಸ್‌ವರ್ಡ್ ಸಾಂಬಾಕ್ಕೆ ಗೊತ್ತೇ ಇರುವುದಿಲ್ಲ, ಅದು ತನ್ನದೇ ಪಟ್ಟಿಯನ್ನು ಬೇರೆ ಇಟ್ಟುಕೊಳ್ಳುತ್ತದೆ. ಆದ್ದರಿಂದ ಪ್ರತಿ ಬಳಕೆದಾರರನ್ನೂ ಅಲ್ಲಿ ಮತ್ತೊಮ್ಮೆ ಸೇರಿಸಬೇಕು. ಎದುರು ದಿಕ್ಕಿನಲ್ಲಿ, ನಾನು ವಿಂಡೋಸಿನ ಫೋಲ್ಡರಿಗೆ ಹೋಗಬೇಕಾದಾಗ, ಗೆಳೆಯ ದಿನವೂ ಒತ್ತುವ ನಾಲ್ಕಂಕಿಯ ಪಿನ್ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅದು ಆ ಯಂತ್ರದ ಮುಂದೆ ಕುಳಿತವರಿಗೆ ಮಾತ್ರ ಸಲ್ಲುವ ಗುರುತು. ಜಾಲದ ಮೂಲಕ ಬರುವವರಿಗೆ ಖಾತೆಯ ಪೂರ್ತಿ ಪಾಸ್‌ವರ್ಡ್ ಬೇಕು, ಅದನ್ನು ಅವನು ಖಾತೆ ತೆರೆದ ದಿನ ಒಮ್ಮೆ ಹೊಡೆದು ಮರೆತೇಬಿಟ್ಟಿದ್ದ. ಈ ರಗಳೆಯೇ ಬೇಡವೆಂದು ಅತಿಥಿಗಳಿಗೆ ಮುಕ್ತವಾದ ಫೋಲ್ಡರ್ ಒಂದನ್ನು ಮಾಡಿಟ್ಟಿದ್ದೆವು. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ಅದೂ ಮುಚ್ಚಿಹೋಯಿತು. ಪ್ರೊ ಆವೃತ್ತಿಯಲ್ಲಿ ಅತಿಥಿಯಾಗಿ ಒಳಹೋಗುವುದನ್ನು ತಡೆದು, ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರಬೇಕೆಂದು ಅದು ಪಟ್ಟು ಹಿಡಿಯುತ್ತದೆ, ಮತ್ತು ಅತಿಥಿಗೆ ಸಹಿ ಹಾಕಲು ಪಾಸ್‌ವರ್ಡೇ ಇಲ್ಲ.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ಫೋಲ್ಡರ್ ಕಾಣಿಸುತ್ತಿತ್ತು, ತೆರೆಯುತ್ತಿರಲಿಲ್ಲ. ಸಂರಚನೆಯನ್ನು ಪರೀಕ್ಷಿಸುವ ಟೆಸ್ಟ್‌ಪಾರ್ಮ್ ಆದೇಶ ಎಲ್ಲವೂ ಸರಿಯೆಂದೇ ಹೇಳುತ್ತಿತ್ತು. ಕಾರಣ ಇನ್ನೂ ಒಂದು ಮೆಟ್ಟಿಲು ಕೆಳಗಿತ್ತು: ಉಬುಂಟು 21.04ರಿಂದ ಹೊಸ ಬಳಕೆದಾರರ ಮನೆ (ಹೋಮ್) ಫೋಲ್ಡರಿಗೆ 750 ಎಂಬ ಅನುಮತಿ ಬೀಳುವುದರಿಂದ ಹೊರಗಿನವರು ಅದನ್ನು ದಾಟಿಕೊಂಡು ಒಳಗಿನ ಫೋಲ್ಡರಿಗೆ ಹೋಗಲಾಗುವುದಿಲ್ಲ. ಸಾಂಬಾ ಗೆಳೆಯನನ್ನು ಹಾರ್ದಿಕವಾಗಿ ಬರಮಾಡಿಕೊಳ್ಳುತ್ತಿತ್ತು, ಅಂಗಳದಲ್ಲಿ ಲಿನಕ್ಸ್ ತಡೆಯುತ್ತಿತ್ತು. ಪುಸ್ತಕಗಳ ಫೋಲ್ಡರನ್ನು ಮನೆಯಿಂದ ಹೊರತಂದು ಬೇರೆ ಜಾಗದಲ್ಲಿಟ್ಟ ದಿನದಿಂದ ಆ ತಕರಾರು ಬಂದಿಲ್ಲ.

ಇದಕ್ಕೆ ತೀರ ಎದುರಾದದ್ದು ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಒಳಹೋಗುವ ಎಸ್‌ಎಸ್‌ಎಚ್ ಬೆನ್ನಮೇಲೆ ಕುಳಿತು ಕಡತ ಸಾಗಿಸುವ ಎಸ್‌ಎಫ್‌ಟಿಪಿ. ಒಂದೇ ಪೋರ್ಟು, 22. ಒಂದೇ ಪಾಸ್‌ವರ್ಡು, ಯಂತ್ರಕ್ಕೆ ಒಳಬರುವುದೇ. ದೋಷಗಳು ಮುಖ್ಯವಾಗಿ ಮೂರು ಬಗೆ, ಮೂರಕ್ಕೂ ಬೇರೆ ಬೇರೆ ಮಾತು. ಸಂಪರ್ಕ ನಿರಾಕರಿಸಲಾಯಿತು ಎಂದರೆ ಯಂತ್ರ ಸಿಕ್ಕಿದೆ, ಆದರೆ ಆ ಬಾಗಿಲಲ್ಲಿ ಸೇವೆ ಎದ್ದಿಲ್ಲ. ಸುಮ್ಮನೆ ಕಾಯಿಸಿ ಕಾಲ ಮೀರಿತು ಎಂದರೆ ನಡುವೆ ಫೈರ್‌ವಾಲೋ ರೂಟರೋ ನುಂಗುತ್ತಿದೆ, ಇಲ್ಲವೇ ವಿಳಾಸವೇ ತಪ್ಪು. ಅನುಮತಿ ಇಲ್ಲ ಎಂದರೆ ಜಾಲವೆಲ್ಲ ಸರಿಯಿದ್ದು ನಿಮ್ಮ ಗುರುತಿನಲ್ಲಿ ಮಾತ್ರ ತಪ್ಪಿದೆ. ಆ ಎರಡು ಸಂಜೆಗಳಂದು ಮೊದಲಿಗೆ ಇದನ್ನೇ ಓಡಿಸಿ ನೋಡಿದ್ದರೆ, ಕಾಲ ಮೀರಿತು ಎಂಬ ಒಂದು ಸಾಲು ಅರೆ ನಿಮಿಷದಲ್ಲಿ ನನ್ನನ್ನು ರೂಟರಿನ ಕಡೆ ತಿರುಗಿಸುತ್ತಿತ್ತು. ಈಗ ಸಾಂಬಾ ಕೆಟ್ಟರೂ ನಾನು ಮೊದಲು ಎಸ್‌ಎಸ್‌ಎಚ್‌ನಿಂದಲೇ ಬಡಿದು ನೋಡುತ್ತೇನೆ.

ಹಾಗಾದರೆ ಎಲ್ಲಕ್ಕೂ ಇದನ್ನೇ ಏಕೆ ಬಳಸಬಾರದು ಎಂದರೆ, ಕಡತವನ್ನು ಇದ್ದಲ್ಲಿಯೇ ತೆರೆಯುವ ಸುಖ ಇಲ್ಲಿಲ್ಲ. ವಿಂಡೋಸಿನಲ್ಲಿ ವಿನ್‌ಎಸ್‌ಸಿಪಿ ಎಂಬ ತಂತ್ರಾಂಶದ ಮೂಲಕ ತೆರೆದರೆ ಅದು ತಾತ್ಕಾಲಿಕ ಪ್ರತಿಯೊಂದನ್ನು ಇಳಿಸಿ, ಉಳಿಸಿದಾಗ ಮೇಲಕ್ಕೆ ಕಳಿಸುತ್ತದೆ. ಬೀಗವಿಲ್ಲದ್ದರಿಂದ ಇಬ್ಬರು ಒಂದೇ ಅಧ್ಯಾಯ ತೆರೆದರೆ ಕೊನೆಗೆ ಉಳಿಸಿದವರದ್ದೇ ಉಳಿಯುತ್ತದೆ, ಮೊದಲಿನವರ ತಿದ್ದುಪಡಿ ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಮ್ಯಾಕಿನ ಫೈಂಡರಿಗೆ ಎಸ್‌ಎಫ್‌ಟಿಪಿ ಬರುವುದೇ ಇಲ್ಲ, ಸೈಬರ್‌ಡಕ್‌ನಂಥ ತಂತ್ರಾಂಶವನ್ನು ಹಾಕಿಕೊಳ್ಳಬೇಕು. ವಿಂಡೋಸಿನಲ್ಲಿಯೇ ಓಪನ್‌ಎಸ್‌ಎಸ್‌ಎಚ್ ಸೇವೆಯನ್ನು ಎಬ್ಬಿಸುವವರಿಗೆ ಇನ್ನೊಂದು ಗುಂಡಿ ಕಾದಿದೆ: ಬಳಕೆದಾರ ಆಡಳಿತಗಾರ ಗುಂಪಿನವನಾಗಿದ್ದರೆ ಪಾಸ್‌ವರ್ಡಿನ ಬದಲು ಬಳಸಲೆಂದು ಅವನ ಸ್ವಂತ ಫೋಲ್ಡರಿನಲ್ಲಿಟ್ಟ ಕೀಲಿಯನ್ನು ಅದು ನೋಡುವುದಿಲ್ಲ, ಪ್ರೋಗ್ರಾಂಡೇಟಾ ಫೋಲ್ಡರಿನ ಒಳಗಿನ ಬೇರೆಯೇ ಕಡತದಲ್ಲಿ ಹುಡುಕುತ್ತದೆ.

ನಾಲ್ಕೂ ದಾರಿಗಳ ಸ್ವಭಾವ ಒಂದೇ ಏಟಿಗೆ ಬಯಲಾದದ್ದು ಒಂದು ಕಡತದಿಂದ. ನಾನು ಉಬುಂಟುವಿನಲ್ಲಿ ‘ಅಧ್ಯಾಯ 3: ಮಳೆ’ ಎಂದು ಹೆಸರಿಟ್ಟು ಉಳಿಸಿದ್ದೆ. ವಿಂಡೋಸ್ ತನ್ನ ಕಡತಗಳ ಹೆಸರಿನಲ್ಲಿ ವಿವರಣಾ ಚಿಹ್ನೆಯನ್ನಾಗಲಿ (:), ಪ್ರಶ್ನಾರ್ಥಕವನ್ನಾಗಲಿ ಒಪ್ಪುವುದಿಲ್ಲ, ಲಿನಕ್ಸಿಗೆ ಅಂಥ ಮಡಿಯಿಲ್ಲ. ಸಾಂಬಾ ಮೂಲಕ ನೋಡಿದ ಗೆಳೆಯನಿಗೆ ಕಂಡದ್ದು ನಾಲ್ಕೈದು ಇಂಗ್ಲಿಷ್ ಅಕ್ಷರ, ಒಂದು ಅಲೆಗೆರೆ, ಮತ್ತೊಂದು ಅಕ್ಷರ ಸೇರಿದ ಅರ್ಥಹೀನ ಹೆಸರು, ಅದನ್ನವನು ಯಾವುದೋ ಕಸವೆಂದು ಅಳಿಸುವುದರಲ್ಲಿದ್ದ. ವಿನ್‌ಎಸ್‌ಸಿಪಿ ಆ ಚಿಹ್ನೆಯ ಜಾಗದಲ್ಲಿ ಶೇಕಡಾ ಗುರುತಿನ ಸಂಕೇತವೊಂದನ್ನಿಟ್ಟು ಉಳಿದ ಹೆಸರನ್ನು ಹಾಗೆಯೇ ಇಳಿಸಿಕೊಂಡಿತು. ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆಯ ಪೆನ್‌ಡ್ರೈವಿಗೆ ಟರ್ಮಿನಲ್‌ನಿಂದ ನಕಲು ಮಾಡಹೋದರೆ ಖಡಾಖಂಡಿತವಾಗಿ ಬೇಡವೆಂದಿತು. ಒಂದೇ ಫೋಲ್ಡರಿನ ಪ್ರತಿಗಳನ್ನು ಎಲ್ಲ ಯಂತ್ರಗಳಲ್ಲೂ ತಾನಾಗಿಯೇ ಸರಿಸಮವಾಗಿಡುವ ಸಿಂಕ್‌ಥಿಂಗ್ ಮಾತ್ರ ಉಳಿದೆಲ್ಲ ಕಡತಗಳನ್ನು ಸಾಗಿಸಿ ಇದೊಂದನ್ನು ಹಿಂದೆ ಬಿಟ್ಟು ತೆಪ್ಪಗಿತ್ತು. ಕಾರಣವನ್ನು ಅದು ಸ್ಪಷ್ಟವಾಗಿಯೇ ಬರೆದಿಟ್ಟಿತ್ತು, ಆದರೆ ಬ್ರೌಸರಿನಲ್ಲಿ ಅದರ ಪುಟ ತೆರೆದು ಸೋತ ಕಡತಗಳ ಪಟ್ಟಿಯನ್ನು ಒತ್ತಿದವರಿಗೆ ಮಾತ್ರ ಕಾಣುವ ಜಾಗದಲ್ಲಿ.

ಕನ್ನಡದಲ್ಲಿ ಹೆಸರಿಡುವವರಿಗೆ ಇದಲ್ಲದೆ ಇನ್ನೆರಡು ತೊಡಕುಗಳಿವೆ. ಮೊದಲನೆಯದು ಉದ್ದದ್ದು. ಲಿನಕ್ಸಿನ ಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿಯಿದೆ, ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು. ‘ಪ್ರಶಸ್ತಿ’ ಎಂಬ ಪದ ಕಣ್ಣಿಗೆ ಮೂರಕ್ಷರವಾದರೂ, ಒತ್ತಕ್ಷರಗಳ ಹಲಂತ ಮತ್ತು ಗುಣಿತದ ಚಿಹ್ನೆ ಸೇರಿ ಎಂಟು ಸಂಕೇತ, ಅಂದರೆ 24 ಬೈಟು. ಹೀಗೆ ಲಿನಕ್ಸಿನಲ್ಲಿ 85 ಸಂಕೇತಕ್ಕೆ ಜಾಗ ಮುಗಿಯುತ್ತದೆ, ವಿಂಡೋಸಿನ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ 255 ಸಂಕೇತಗಳವರೆಗೂ ಒಪ್ಪುತ್ತದೆ. ಪುಸ್ತಕದ ಹೆಸರು, ಲೇಖಕರ ಹೆಸರು, ಅಂತಿಮ, ತಿದ್ದಿದ ಅಂತಿಮ, ನಿಜವಾದ ಅಂತಿಮ ಎಂದೆಲ್ಲ ಸೇರಿಸುತ್ತಾ ಹೋಗುವ ನಮ್ಮ ಗೆಳೆಯನ ಕಡತ ಅವನ ಯಂತ್ರದಲ್ಲಿ ಹಾಯಾಗಿತ್ತು, ನನ್ನದಕ್ಕೆ ಬರಲೊಲ್ಲೆನೆಂದಿತು.

ಎರಡನೆಯದು ಇನ್ನೂ ಸೂಕ್ಷ್ಮ. ‘ಕೋಟೆ’ ಎಂಬಲ್ಲಿನ ಓತ್ವದೀರ್ಘವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಊಕಾರದ ಕೊಂಬು ಮತ್ತು ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಹೀಗೆ ಬಿಡಿಸಿಯೇ ಇಟ್ಟುಕೊಳ್ಳುತ್ತವೆ, ಈಗಿನ ಎಪಿಎಫ್‌ಎಸ್ ಕೊಟ್ಟಂತೆ ಇಟ್ಟುಕೊಳ್ಳುತ್ತದೆ. ಕಲಾವಿದೆಯ ಹಳೆಯ ಡಿಸ್ಕಿನಿಂದ ಎಸ್‌ಎಫ್‌ಟಿಪಿಯಲ್ಲಿ ಬಂದ ‘ಕೋಟೆ’ಯೂ ವಿಂಡೋಸಿನಿಂದ ಬಂದ ‘ಕೋಟೆ’ಯೂ ನನ್ನ ಫೋಲ್ಡರಿನಲ್ಲಿ ಅಕ್ಕಪಕ್ಕ ಕುಳಿತವು. ಕಣ್ಣಿಗೆ ಒಂದೇ ಹೆಸರು, ಲಿನಕ್ಸಿನ ಲೆಕ್ಕಕ್ಕೆ ಎರಡು ಕಡತ. ತಪ್ಪು ಮುಖಪುಟ ಮುದ್ರಣಕ್ಕೆ ಹೋಗುವುದು ಒಂದು ಕ್ಲಿಕ್ಕಿನಲ್ಲಿ ತಪ್ಪಿತು. ಇಲ್ಲಿ ಸಿಂಕ್‌ಥಿಂಗಿಗೆ ಪೂರ್ಣ ಅಂಕ, ಹೆಸರಿನ ಈ ವ್ಯತ್ಯಾಸವನ್ನು ಅದು ತಾನಾಗಿಯೇ ಸರಿಪಡಿಸಿಕೊಳ್ಳುತ್ತದೆ.

ಆ ಸಿಂಕ್‌ಥಿಂಗ್ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಅಳುಕೂ ಇದೆ. ಪಾಸ್‌ವರ್ಡಿನ ತಂಟೆಯಿಲ್ಲ, 56 ಅಕ್ಷರಗಳ ಗುರುತನ್ನು ಎರಡು ಯಂತ್ರಗಳು ಒಮ್ಮೆ ವಿನಿಮಯ ಮಾಡಿಕೊಂಡರೆ ಸಾಕು. ಕರೆಂಟು ಹೋಗಿ ಬಂದರೂ, ಒಂದು ಯಂತ್ರ ಎರಡು ದಿನ ಮಲಗಿದ್ದರೂ, ಎದ್ದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಇಬ್ಬರೂ ಒಂದೇ ಕಡತ ತಿದ್ದಿದ್ದರೆ ಒಂದನ್ನು ಸಂಘರ್ಷದ ಪ್ರತಿಯೆಂದು ದಿನಾಂಕ ಸಹಿತ ಪಕ್ಕಕ್ಕಿಡುತ್ತದೆ, ಎಸ್‌ಎಫ್‌ಟಿಪಿಯಂತೆ ನುಂಗುವುದಿಲ್ಲ. ಆದರೆ ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೂ ತಲುಪಿಸುತ್ತದೆ. ಜಾಗ ಸಾಲದೆಂದು ಕಲಾವಿದೆ ತನ್ನ ಯಂತ್ರದಲ್ಲಿ ಹಳೆಯ ಚಿತ್ರಗಳ ಫೋಲ್ಡರನ್ನು ತೆಗೆದುಹಾಕಿದ ಸಂಜೆ ಅದು ಮೂರೂ ಕಡೆ ಮಾಯವಾಗಿತ್ತು. ಹಳೆಯ ಪ್ರತಿಗಳನ್ನು ಕಾಯ್ದಿಡುವ ಆಯ್ಕೆಯನ್ನು ನಾನು ನನ್ನ ಯಂತ್ರದಲ್ಲಿ ಮೊದಲೇ ಚಾಲೂ ಮಾಡಿದ್ದರಿಂದ ಅವು ಮರಳಿ ಬಂದವು. ತಾನಾಗಿ ಅದು ಚಾಲೂ ಇರುವುದಿಲ್ಲ.

ಪೆನ್‌ಡ್ರೈವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಫ್‌ಎಟಿ32ರಲ್ಲಿ 4 ಜಿಬಿ ಮುಟ್ಟಿದ ಕಡತ ಹಿಡಿಯುವುದಿಲ್ಲ, ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆಯೇ ಹೊರತು ಬರೆಯುವುದಿಲ್ಲ, ಎಕ್ಸ್‌ಫ್ಯಾಟ್ ಒಂದೇ ಮೂವರಿಗೂ ಸಲ್ಲುತ್ತದೆ. ಕೆಟ್ಟರೆ ಕೈಯಲ್ಲೇ ಕೆಡುತ್ತದೆ, ಹುಡುಕುವ ಕೆಲಸವಿಲ್ಲ. ಆದರೆ ಯಾವ ಪ್ರತಿ ಹೊಸದು ಎಂಬ ಜಗಳ ಮಾತ್ರ ಮುಗಿಯುವುದೇ ಇಲ್ಲ.

ಈಗ ನಮ್ಮಲ್ಲಿ ಪುಟವಿನ್ಯಾಸದ ಕಡತಗಳು ಸಾಂಬಾ ಫೋಲ್ಡರಿನಲ್ಲಿವೆ, ಏಕೆಂದರೆ ಬೀಗ ಬೇಕಾದದ್ದು ಅಲ್ಲಿ. ಮೂವರಿಗೂ ಪಾಸ್‌ವರ್ಡ್ ಸಹಿತ ಬೇರೆ ಬೇರೆ ಖಾತೆಗಳಿವೆ, ಎಲ್ಲರ ಯಂತ್ರದಲ್ಲೂ ಹೆಸರಿನ ಬದಲು ಐಪಿ ವಿಳಾಸದಿಂದಲೇ ಕೊಂಡಿ ಹಾಕಿದ್ದೇನೆ, ಆ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿದ್ದೇನೆ. ಕರಡಿನ ಪಠ್ಯ ಸಿಂಕ್‌ಥಿಂಗ್‌ನಲ್ಲಿದೆ. ಎಸ್‌ಎಸ್‌ಎಚ್ ಮೂರೂ ಕಡೆ ಎದ್ದೇ ಇರುತ್ತದೆ, ಮುಖ್ಯವಾಗಿ ರೋಗ ಪತ್ತೆಗೆ. ಕಡತಗಳ ಹೆಸರು ಅಧ್ಯಾಯದ ಅಂಕಿ ಮತ್ತು ಒಂದೇ ಒಂದು ಪದ. ಗೆಳೆಯ ಇದಕ್ಕೆ ಒಪ್ಪಿದ್ದಾನೆ, ಆದರೂ ಮೊನ್ನೆ ತೆರೆದ ಫೋಲ್ಡರಿನಲ್ಲಿ ‘7 ಅಂತಿಮ’ ಮತ್ತು ‘7 ಅಂತಿಮ2’ ಎರಡೂ ಇದ್ದವು.