ಹಳೇ ಹಾಯಿದೋಣಿಯ ಕಿಟಕಿಗೆ ವಿಎಚ್‌ಬಿ ಟೇಪ್ ಮತ್ತು ಡೌಸಿಲ್ 795: ಬಳಸಿದ ಮೇಲೆ ಹೇಳುತ್ತಿರುವುದು

ಸಣ್ಣ ಹಳೇ ದೋಣಿಯ ಕಿಟಕಿ ಬದಲಿಸಬೇಕು ಅಂತಿದ್ದರೆ ಈ ಜೋಡಿಯನ್ನೇ ತಗೊಳ್ಳಿ. 3ಎಂ ಕಂಪನಿಯ ವಿಎಚ್‌ಬಿ 4991 ಅನ್ನುವ, ಎರಡೂ ಕಡೆ ಅಂಟುವ ಟೇಪ್, ಜೊತೆಗೆ ಸಂದಿ ಮುಚ್ಚುವ ಡೌಸಿಲ್ 795 ಸಿಲಿಕೋನ್. ನಮ್ಮ ಕಿಟಕಿಗಳು ಮಳೆ, ಅಲೆ, ಉರಿಬಿಸಿಲು ಮೂರನ್ನೂ ಕಂಡಿವೆ. ಒಂದು ಹನಿ ಒಳಗೆ ಬಂದಿಲ್ಲ.

ಹಳೇ ಕಿಟಕಿಗಳು ಸೋರುವುದಕ್ಕೆ ಮುಖ್ಯ ಕಾರಣ ಬಿಸಿಲು. ದೋಣಿಯ ಕಿಟಕಿಗೆ ಹಾಕುವುದು ಅಕ್ರಿಲಿಕ್, ಅಂದರೆ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್; ಒಂದು ಮೀಟರ್ ಉದ್ದದ ಶೀಟ್, 40 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ 3 ಮಿ.ಮೀ. ಹಿಗ್ಗುತ್ತದೆ. ಸ್ಕ್ರೂ ಹಾಕಿ ಬಿಗಿದಿಟ್ಟರೆ ಅದು ಹಿಗ್ಗುವುದೆಲ್ಲಿಗೆ? ತೂತಿನ ಸುತ್ತಲೇ ಬಿರುಕು ಬಿಡುತ್ತದೆ, ಇಲ್ಲಾ ಸೀಲೆಂಟ್ (ಸಂದಿ ಮುಚ್ಚುವ ಅಂಟು) ಕಿತ್ತುಕೊಳ್ಳುತ್ತದೆ. ಈ ಟೇಪ್ 2.3 ಮಿ.ಮೀ. ದಪ್ಪದ ಫೋಮ್, ಕಿಟಕಿಯ ಜೊತೆಗೇ ಎಳೆಯುತ್ತದೆ. 795 ಇರುವುದೇ ದೊಡ್ಡ ಕಟ್ಟಡಗಳ ಗಾಜು ಕೂರಿಸಲು, ಹಾಗಾಗಿ ಬಿಸಿಲಿಗೂ ಜಗ್ಗಾಟಕ್ಕೂ ಹೆದರುವುದಿಲ್ಲ. ಒಳ ಅಂಚಿಗೆ ಟೇಪ್, ಅದರ ಹೊರಗೆ ಉಳಿದ ಸಂದಿಗೆಲ್ಲ ಸಿಲಿಕೋನ್, ಅಷ್ಟೇ. ಸಿಲಿಕೋನ್ ಒಣಗುವವರೆಗೆ ಟೇಪೇ ಹಿಡಿದುಕೊಂಡಿರುತ್ತದೆ. ಆದರೆ ಒಮ್ಮೆ ತಾಗಿದ ಮೇಲೆ ಸರಿಸಲು ಆಗುವುದಿಲ್ಲ, ಟೇಪಿನ ಮೇಲಿನ ಪದರ ಬಿಚ್ಚುವ ಮೊದಲೇ ಕಿಟಕಿ ಇಟ್ಟು ನೋಡಿ ಗುರುತು ಹಾಕಿಕೊಳ್ಳಿ. ಟೇಪಿಗೆ ಪೂರ್ತಿ ಬಲ ಬರಲು 72 ಗಂಟೆ, ಸಿಲಿಕೋನಿಗೆ ಒಂದೆರಡು ವಾರ. ಅಲ್ಲಿಯವರೆಗೆ ದೋಣಿ ಸುಮ್ನೆ ನಿಂತಿರಲಿ.

ಬೇಸರದ ಕೆಲಸ ಅಂದರೆ ಹಳೇ ಸೀಲೆಂಟ್ ಕೆರೆಯುವುದು. ಚೂರು ಉಳಿದರೂ ಹೊಸದು ಅಂಟುವುದಿಲ್ಲ. ಸಿಲಿಕೋನ್ ಸೋಕಿದ ಕಡೆ ಮುಂದೆ ಪೇಂಟೂ ನಿಲ್ಲುವುದಿಲ್ಲ, ಈ 795ಗೂ ಅದೇ ತಕರಾರು. ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸದೆ ಟ್ಯೂಬ್ ಮುಟ್ಟಲೇಬೇಡಿ.

ಶೀಟ್ ವಿಷಯದಲ್ಲಿ ಹುಷಾರು. ಕಾಸ್ಟ್ (ಅಚ್ಚಿನಲ್ಲಿ ಎರೆದ) ಅಕ್ರಿಲಿಕ್ ಬೇಕು ಎಂದು ಬಿಡಿಸಿ ಹೇಳಿದರೂ ಅಂಗಡಿಯವರು ಎಕ್ಸ್‌ಟ್ರೂಡೆಡ್ (ಯಂತ್ರದಲ್ಲಿ ಒತ್ತಿ ತೆಗೆದ) ಶೀಟ್ ಕತ್ತರಿಸಲು ಹೊರಟಿದ್ದರು. ನೋಡಲು ಎರಡೂ ಒಂದೇ, ಆದರೆ ಎಕ್ಸ್‌ಟ್ರೂಡೆಡ್ ಬೇಗ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಪೆಟ್ಟು ತಡೆಯುತ್ತದೆ ನಿಜ, ಆದರೆ ಗೀರು ಜಾಸ್ತಿ, ಬಿಸಿಲಿಗೆ ಹಳದಿಯಾಗುತ್ತದೆ. ನನಗಂತೂ ಬೇಡ.

ಹ್ಯಾಚ್, ಅಂದರೆ ಡೆಕ್ಕಿನಲ್ಲಿ (ದೋಣಿಯ ಮೇಲ್ಗಡೆಯ ನೆಲದಲ್ಲಿ) ಇರುವ ಮುಚ್ಚಳದ ಕಿಂಡಿ, ಅದರ ಲೆಕ್ಕ ಬೇರೆ. ಅಲ್ಯೂಮಿನಿಯಂ ಫ್ರೇಮ್ ಸೊಟ್ಟಗಾಗಿಲ್ಲ, ತುಕ್ಕು ತಿಂದಿಲ್ಲ ಅಂದರೆ ಇಡೀ ಹ್ಯಾಚ್ ಕೊಳ್ಳುವುದು ದಂಡ. ಅಕ್ರಿಲಿಕ್ ಮತ್ತು ಗಾಸ್ಕೆಟ್ (ನೀರು ತಡೆಯುವ ರಬ್ಬರ್ ಪಟ್ಟಿ) ಬದಲಿಸಿದರೆ ಸಾಕು. ಅದರ ಮೇಲೆ ಜನ ಕಾಲಿಡುತ್ತಾರೆ, ಅದಕ್ಕೇ ಮೊದಲಿದ್ದಷ್ಟೇ ದಪ್ಪದ್ದು ಹಾಕಿ. ಫ್ರೇಮ್ ಬಿಚ್ಚಿದಾಗ ಡೆಕ್ಕಿನ ಕತ್ತರಿಸಿದ ಅಂಚನ್ನು ತಪ್ಪದೆ ನೋಡಿ. ಡೆಕ್ಕಿನ ಪದರಗಳ ನಡುವೆ ತುಂಬಿರುವ ಹಗುರವಾದ ಬಾಲ್ಸಾ ಮರ ಒದ್ದೆಯಾಗಿ ಪುಡಿಯಾಗಿದ್ದರೆ ಗಟ್ಟಿ ಮರ ಸಿಗುವವರೆಗೆ ಕೆರೆದು, ಒಣಗಿಸಿ, ದಪ್ಪ ಮಾಡಿದ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ. ಇದನ್ನು ಬಿಟ್ಟು ಎಷ್ಟೇ ಒಳ್ಳೇ ಹ್ಯಾಚ್ ಹಾಕಿದರೂ ಡೆಕ್ ಕೊಳೆಯುತ್ತಲೇ ಇರುತ್ತದೆ. ಫ್ರೇಮ್ ಕೂರಿಸಲು ನಾವು ಬಳಸಿದ್ದು ಬ್ಯೂಟೈಲ್ ಟೇಪ್, ಅಂದರೆ ಮೆತ್ತನೆಯ ರಬ್ಬರಿನ ಅಂಟು ಪಟ್ಟಿ. ಅದು ಗಟ್ಟಿಯಾಗುವುದಿಲ್ಲ, ಮುಂದೆ ಬಿಚ್ಚಬೇಕಾದರೂ ಕಷ್ಟವಿಲ್ಲ.

ಕೆಲಸ ಮುಗಿದ ಮೇಲೆ ಅಮೋನಿಯಾ ಇರುವ ಗಾಜಿನ ಕ್ಲೀನರ್, ಅಸಿಟೋನ್ ಎರಡನ್ನೂ ಅಕ್ರಿಲಿಕ್ ಹತ್ತಿರ ತರಬೇಡಿ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.